ಅತ್ತೆಯವರು ಹಾಲು ಬಿಟ್ಟದ್ದು

ನಮ್ಮ ಮನೆಯಲ್ಲಿ ಬೆಳಗಿನ ಚಹಾ ಎರಡು ಪಾತ್ರೆಗಳಲ್ಲಿ ಕುದಿಯುತ್ತದೆ. ದೊಡ್ಡದರಲ್ಲಿ ಹಾಲು ಹಾಕಿದ್ದು, ಸಣ್ಣದರಲ್ಲಿ ಹಾಲಿಲ್ಲದ ಕರೀ ಚಹಾ. ಮನೆಗೆ ಬಂದ ಹೆಣ್ಣುಮಕ್ಕಳು ಅಡುಗೆಮನೆಗೆ ಇಣುಕಿದೊಡನೆ ಅವರ ಕಣ್ಣಿಗೆ ಬೀಳುವುದು ಆ ಸಣ್ಣ ಪಾತ್ರೆಯೇ. "ಯಾರಿಗೆ ಆರಾಮಿಲ್ಲ್ರಿ?" ಎಂದು ಕೇಳುತ್ತಾರೆ. ಎಲ್ಲರೂ ಆರಾಮ ಇದ್ದೇವೆ, ನಮ್ಮ ಅತ್ತೆಯವರು ಹಾಲು ಬಿಟ್ಟಿದ್ದಾರೆ ಅಷ್ಟೇ ಎಂದರೆ ಅವರ ಮುಖದಲ್ಲಿ ಒಂದು ಅನುಮಾನ ಮೂಡುತ್ತದೆ. ಹಿತ್ತಲಲ್ಲಿ ಎಮ್ಮೆ ಕಟ್ಟಿದ ಮನೆ, ಎಪ್ಪತ್ತು ದಾಟಿದ ಮುದುಕಿ, ಹಾಲಿಲ್ಲದ ಚಹಾ, ಅದರ ಮೇಲೆ ನೌಕರಿ ಮಾಡುವ ಸೊಸೆ. ಕತೆ ಕಟ್ಟಲು ಇಷ್ಟು ಸಾಲದೆ? ಆ ಅನುಮಾನವನ್ನು ಹೊತ್ತುಕೊಂಡು ನಮ್ಮೂರು ಮೊರಬದ ಓಣಿಗಳಲ್ಲಿ ನಾನು ಹೇಗೆ ಓಡಾಡಿದೆನೋ ನನಗೇ ಗೊತ್ತು. ನಿಮ್ಮ ಮುಂದಾದರೂ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ಮೊದಲಿಗೆ, ಹಾಲು ಮೊಸರಿನ ವಿಷಯದಲ್ಲಿ ನನ್ನನ್ನು ನ್ಯಾಯ ಹೇಳಲು ಕೂರಿಸಬೇಡಿ. ನಾನು ಒಂದು ಪಕ್ಷದವಳು. ಊರಿನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ, ಆದರೆ ನನ್ನ ನಿಜವಾದ ಹೆಮ್ಮೆ ಇರುವುದು ನಾನು ಹೆಪ್ಪು ಹಾಕುವ ಮೊಸರಿನಲ್ಲಿ. ಪಾತ್ರೆಯನ್ನು ಬೋರಲು ಹಾಕಿದರೂ ನನ್ನ ಮೊಸರು ಬೀಳುವುದಿಲ್ಲ. ಒಮ್ಮೆ ಬೀಗರ ಮುಂದೆ ಇದನ್ನು ತೋರಿಸಲು ಹೋಗಿ ಇಡೀ ಮೊಸರು ನನ್ನ ಇಳಕಲ್ ಸೀರೆಯ ಮೇಲೆ ಬಿದ್ದದ್ದು ಬೇರೆ ಮಾತು. ಆ ದಿನ ಸೆಕೆ ಜಾಸ್ತಿ ಇತ್ತು.

ನನ್ನ ತವರು ಕಲಘಟಗಿ ತಾಲ್ಲೂಕಿನ ದೇವಿಕೊಪ್ಪ. ಅಲ್ಲಿ ಭತ್ತದ ಗದ್ದೆ, ಕೆರೆ, ಊರಿನ ಅಂಚಿಗೇ ಅಡವಿ. ಸಣ್ಣವಳಿದ್ದಾಗ ನಮ್ಮ ಮನೆಯಲ್ಲಿ ಕರು ಎಳೆಯುವ ಕೆಲಸ ನನ್ನದು. ಎಮ್ಮೆ ಸೊರ ಬಿಟ್ಟು ಹಾಲಿಳಿಸಲೆಂದು ಮೊದಲು ಕರುವನ್ನು ಕುಡಿಯಲು ಬಿಡುವುದು, ಅವ್ವ ಸನ್ನೆ ಮಾಡಿದೊಡನೆ ಅದರ ಕುತ್ತಿಗೆಯ ಹಗ್ಗ ಹಿಡಿದು ಹಿಂದಕ್ಕೆ ಜಗ್ಗುವುದು. ಅದರ ಬಾಯಿಯ ತುಂಬ ನೊರೆ. ಅದು ತಲೆಯಿಂದ ನನ್ನ ಹೊಟ್ಟೆಗೆ ಗುದ್ದುತ್ತಿತ್ತು, ನಾನು ಅದನ್ನು ಬೈಯುತ್ತಿದ್ದೆ. ಅದರದೇ ತಾಯಿ, ಅದರದೇ ಹಾಲು, ಗುದ್ದುವ ಹಕ್ಕು ಅದಕ್ಕಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ. ಯಾಕೆಂದರೆ ಎಮ್ಮೆ ಈದ ಮಾರನೆಯ ದಿನ ಮನೆಯಲ್ಲಿ ಗಿಣ್ಣ ಆಗುತ್ತಿತ್ತು. ಈದ ಎಮ್ಮೆಯ ಮೊದಮೊದಲ ಹಳದಿ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣವನ್ನು ನೀವು ತಿಂದಿಲ್ಲವಾದರೆ ನಾನು ಹೇಳಿ ತಿಳಿಸಲಾರೆ; ತಿಂದಿದ್ದರೆ ಹೇಳುವ ಅಗತ್ಯವೇ ಇಲ್ಲ. ನಮ್ಮ ಅಣ್ಣ ಮಲ್ಲಣ್ಣ ಮತ್ತು ನಾನು ಗಿಣ್ಣದ ತಟ್ಟೆಯ ಮುಂದೆ ಕುಳಿತರೆ ಒಡಹುಟ್ಟಿದವರೆಂದು ಯಾರೂ ಅನ್ನುತ್ತಿರಲಿಲ್ಲ.

ಮದುವೆಯಾಗಿ ಮೊರಬಕ್ಕೆ ಬಂದೆ. ಇಲ್ಲಿ ಕರಿ ಮಣ್ಣು, ಹತ್ತಿ, ಕಡಲೆ, ಜೋಳ. ಕಣ್ಣು ಹಾಯಿಸಿದಷ್ಟು ಬಯಲು. ಗದ್ದೆ ಇಲ್ಲ, ಕೆಸರು ಇಲ್ಲ, ಅಂದ ಮೇಲೆ ಕೋಣ ಇಟ್ಟು ಮಾಡುವುದೇನು? ಮೊದಲು ಎತ್ತುಗಳಾದರೂ ಇದ್ದವು, ಈಗ ಟ್ರ್ಯಾಕ್ಟರ್ ಬಂದು ಅವೂ ಕಡಿಮೆ. ಎಮ್ಮೆ ಹೆಣ್ಣುಗರು ಹಾಕಿದರೆ ಮನೆಯಲ್ಲಿ ನಗು. ಗಂಡು ಹಾಕಿದರೆ ಯಾರೂ ಏನೂ ಮಾತಾಡುವುದಿಲ್ಲ. ಕೆಲವು ವಾರ ಕಳೆದ ಮೇಲೆ ದನದ ವ್ಯಾಪಾರಿ ಗಾಡಿ ತರುತ್ತಾನೆ, ಹಗ್ಗ ಬಿಚ್ಚುತ್ತಾನೆ, ಹೋಗುತ್ತಾನೆ. ಆ ಹೊತ್ತಿಗೆ ನನಗೆ ಶಾಲೆಯಲ್ಲಿ ಏನಾದರೂ ಕೆಲಸ ಇರುತ್ತಿತ್ತು. ಅತ್ತೆಯವರಿಗೆ ಹೊಲದಲ್ಲಿ ಇರುತ್ತಿತ್ತು.

ಇನ್ನು ನನ್ನ ಮಗಳು ದೀಪಾಳ ಬಗ್ಗೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ವಾರದ ರಜೆಗೆ ಬಸ್ಸು ಹತ್ತಿ ಮನೆಗೆ ಬರುತ್ತಾಳೆ. ಒಂದು ಸಲ ಬಂದವಳು ತಟ್ಟೆಯಲ್ಲಿ ಮೊಸರು ಹಾಕಲು ಹೋದ ನನ್ನ ಕೈ ತಡೆದಳು.

"ಅವ್ವಾ, ನಾ ವೀಗನ್ ಆಗೇನಿ."

ನಾನು ಪತ್ರಿಕೆಯಲ್ಲಿ ಆ ಶಬ್ದ ಓದಿದ್ದೆ. ಅತ್ತೆಯವರು ಓದಿರಲಿಲ್ಲ. ರೊಟ್ಟಿ ಮುರಿಯುತ್ತಿದ್ದವರು ಗಾಬರಿಯಾಗಿ ಕೇಳಿದರು, "ಏನ ವಿಘ್ನ ಆಗೇತಿ ಬೇ ಕೂಸಿಗೆ?"

"ವಿಘ್ನ ಅಲ್ಲ ಆಯಿ, ವೀಗನ್. ಹಾಲ, ಮೊಸರ, ಬೆಣ್ಣಿ, ತುಪ್ಪ, ಜೇನು, ಯಾವ್ದೂ ತಿನ್ನಂಗಿಲ್ಲ. ರೇಷ್ಮಿ ಉಡಂಗಿಲ್ಲ, ಚರ್ಮದ ಚಪ್ಪಲಿ ಹಾಕಂಗಿಲ್ಲ. ಪ್ರಾಣಿಗಳನ್ನ ನಮ್ಮ ಸಲುವಾಗಿ ದುಡಸಬಾರ್ದು."

ಅಜ್ಜಿಯನ್ನು ಅವಳು ಆಯಿ ಎನ್ನುತ್ತಾಳೆ. ಅತ್ತೆಯವರು ಹಣೆಯ ಮೇಲಿನ ವಿಭೂತಿಯನ್ನು ತೋರಿಸಿದರು. "ಇದು ಆಕಳ ಸಗಣಿದು. ಇದನ್ನೂ ಹಚ್ಚಬಾರ್ದೇನು?"

ದೀಪಾ ತಡವರಿಸಿದಳು. ಅವಳ ಗೆಳತಿಯರು ಈ ಪ್ರಶ್ನೆ ಕೇಳಿರಲಿಲ್ಲ ಎಂದು ಕಾಣುತ್ತದೆ. "ಅದು... ಸಗಣಿ ಅದು ತಾನಾಗೇ ಹಾಕ್ತೈತಲ್ಲ ಆಯಿ. ಅದು ನಡೀತೈತಿ."

"ಹಂಗಾರ ಅಡ್ಡಿಯಿಲ್ಲ ಬಿಡು" ಎಂದು ಅತ್ತೆಯವರು ಮತ್ತೆ ರೊಟ್ಟಿಗೆ ಕೈ ಹಾಕಿದರು.

ನಾನು ಮಾತ್ರ ಸುಮ್ಮನಿರಲಿಲ್ಲ. ಶುದ್ಧ ಶಾಕಾಹಾರಿ ಮನೆತನ ನಮ್ಮದು, ಮೊಟ್ಟೆಯ ಚಿಪ್ಪು ಕೂಡ ಹೊಸ್ತಿಲು ದಾಟಿಲ್ಲ, ನಮಗೇ ಪಾಠ ಹೇಳುತ್ತೀಯಾ ಎಂದೆ. ಶಾಲೆಯ ದನಿಯಲ್ಲೇ ಹೇಳಿದೆ. ಅವಳು ಜಗಳ ಮಾಡಲಿಲ್ಲ. ಮೆತ್ತಗೆ ಒಂದು ಪ್ರಶ್ನೆ ಕೇಳಿದಳು.

"ಗಂಡಗರ ಎಲ್ಲಿ ಹೋಗ್ತಾವವ್ವಾ?"

"ಸಂತಿಗೆ."

"ಸಂತಿಯಿಂದ ಎಲ್ಲಿಗೆ?"

ದಿನವಿಡೀ ಮಕ್ಕಳಿಗೆ ಪ್ರಶ್ನೆ ಕೇಳುವ ನಾನು ಅಂದು ಉತ್ತರ ಹೇಳದೆ ಹಪ್ಪಳ ಕರಿಯಲು ಒಳಗೆ ಹೋದೆ. ಊಟಕ್ಕೆ ಹಪ್ಪಳ ಯಾರೂ ಕೇಳಿರಲಿಲ್ಲ.

ಮುಂದಿನ ಸಲ ಬಂದಾಗ ಅವಳು ಶೇಂಗಾ ನೆನೆಸಿ, ರುಬ್ಬಿ, ಸೋಸಿ, ಅದರ ಹಾಲಿಗೆ ಹೆಪ್ಪು ಹಾಕಿದಳು. ಹೆಪ್ಪು ಅಂದರೆ ಹಸಿಮೆಣಸಿನಕಾಯಿಯ ತೊಟ್ಟು. ನನ್ನ ಮೊಸರಿಗೆ ಮನೆಯೊಳಗೇ ಎದುರಾಳಿ ಹುಟ್ಟಿದ್ದನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಪಾತ್ರೆಯ ಮುಚ್ಚಳ ತೆಗೆದು ನೋಡಿದೆ. ಹೆಪ್ಪುಗಟ್ಟಿತ್ತು. ಅಷ್ಟು ಗಟ್ಟಿಯಾಗಿ ಅಲ್ಲ, ಆದರೂ ಹೆಪ್ಪುಗಟ್ಟಿತ್ತು. ಅತ್ತೆಯವರು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದರು. "ಚಟ್ನಿ ಅಗದಿ ಚೊಲೋ ಆಗೇತಿ ಕೂಸ. ಮೊಸರ ಎಲ್ಲೈತಿ?" ಎಂದರು. ದೀಪಾ ಮುಖ ಸಣ್ಣದು ಮಾಡಿಕೊಂಡಳು. ಮೇಲೆ ತೋರಿಸಿಕೊಳ್ಳದಿದ್ದರೂ ನನಗೆ ಒಳಗೊಳಗೇ ಗೆದ್ದಷ್ಟು ಖುಷಿ.

ಆದರೆ ಒಂದು ಮಾತು ಹೇಳಲೇಬೇಕು. ಅವಳಿಗಾಗಿ ನಾನು ಅಡುಗೆ ಬದಲಿಸಲು ಹೋದಾಗ ಬದಲಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ನಮ್ಮ ಕಡೆಯ ತಟ್ಟೆಯಲ್ಲಿ ಮೊಸರೊಂದನ್ನು ಬಿಟ್ಟರೆ ಎಲ್ಲವೂ ಅವಳ ಪಕ್ಷದವೇ. ಚಿಕ್ಕಪ್ಪನ ಮಗಳ ಮದುವೆಗೆ ರೇಷ್ಮೆ ಬೇಡವೆಂದು ಹಠ ಹಿಡಿದು ನೂಲಿನ ಸೀರೆ ಉಟ್ಟಳು. ನಾನು ಮಾನ ಹೋಯಿತೆಂದುಕೊಂಡಿದ್ದರೆ ಬಂದವರೆಲ್ಲ ಅವಳ ಸೀರೆಯನ್ನೇ ಮುಟ್ಟಿ ಮುಟ್ಟಿ ನೋಡಿದರು. ನಾನು ಜರಿಯ ಅಂಚಿನ ರೇಷ್ಮೆಯಲ್ಲಿ ಬೆವರುತ್ತ ಕುಳಿತಿದ್ದೆ.

ಇಷ್ಟಾದರೂ ಮನೆ ಬದಲಾಗಲಿಲ್ಲ. ಮಗಳು ಅವಳ ಪಾಡಿಗೆ, ನಾವು ನಮ್ಮ ಪಾಡಿಗೆ.

ಆ ವರ್ಷ ಆಷಾಢದಲ್ಲಿ ನಮ್ಮ ಎಮ್ಮೆ ಈದಿತು. ನಾನು ಬೆಲ್ಲ ಕುಟ್ಟಿ, ಏಲಕ್ಕಿ ಬಿಡಿಸಿ ತಯಾರಾಗಿದ್ದೆ. ಹಿತ್ತಲಿಂದ ನಮ್ಮ ಮನೆಯವರು ಬಂದು ಕೈ ತೊಳೆಯುತ್ತ ಏನೂ ಹೇಳಲಿಲ್ಲ. ಗಂಡುಗರು ಎಂದು ಅದರಿಂದಲೇ ತಿಳಿಯಿತು.

ಅತ್ತೆಯವರಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದೆವು. ಹೊಲಕ್ಕೆ ಹೋಗಬಾರದು, ಒಲೆಯ ಮುಂದೆ ಕೂರಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಬದುಕಿನಲ್ಲಿ ಒಂದು ದಿನವೂ ಸುಮ್ಮನೆ ಕೂತವರಲ್ಲ ಅವರು. ಕರೀ ಕನ್ನಡಕ ಹಾಕಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ಹೊರಸಿನ ಮೇಲೆ ಕೂರುತ್ತಿದ್ದರು. ಕರು ಎದ್ದು ನಿಲ್ಲಲು ಕಲಿತದ್ದು ಅವರ ಮುಂದೆ. ಕಿವಿ ಅಲ್ಲಾಡಿಸಿ ಸೊಳ್ಳೆ ಓಡಿಸಲು ಕಲಿತದ್ದೂ ಅವರ ಮುಂದೆ. ಕೆಲವು ದಿನಗಳಲ್ಲಿ ಅದು ಬಂದು ಅವರ ತೊಡೆಯ ಮೇಲೆ ಗದ್ದ ಇಟ್ಟು ನಿಲ್ಲತೊಡಗಿತು. ಎಷ್ಟೋ ಕರುಗಳನ್ನು ಸಾಕಿದ ಮುದುಕಿ, "ಇಷ್ಟ ವರ್ಷ ಎಮ್ಮಿ ಹಿಂಡೇನಿ, ಕರದ ಮಾರಿ ಇಷ್ಟ ಚೆಂದಂಗ ನೋಡಿದ್ದಿಲ್ಲ" ಎಂದು ನನಗೆ ಹೇಳಿದರು. ಪೊರೆ ತೆಗೆದ ಕಣ್ಣು, ಎಲ್ಲವೂ ಹೊಳೆಯುತ್ತಿರಬೇಕು ಎಂದುಕೊಂಡೆ.

ಶ್ರಾವಣದಲ್ಲಿ ಪಂಚಮಿ ಬಂತು. ನಮ್ಮ ಕಡೆ ಹಾಲೆರೆಯುವುದು ಹೇಗೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಣ್ಣಿನ ನಾಗಪ್ಪನ ಮುಂದೆ ಮನೆಮಂದಿಯೆಲ್ಲ ಕೂತು, ಕೊಬ್ಬರಿ ಬಟ್ಟಲಿನಿಂದ ಹಾಲು ಎರೆಯುತ್ತ ಒಬ್ಬೊಬ್ಬರ ಪಾಲು ಹೇಳಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಹೀಗೆ. ಸಣ್ಣವರಿದ್ದಾಗ ನಾನು ಮತ್ತು ಮಲ್ಲಣ್ಣ ಜಗಳವಾಡಿದ ದಿನ ಪರಸ್ಪರರ ಪಾಲು ಬಿಟ್ಟುಬಿಡುತ್ತಿದ್ದೆವು. ಅವ್ವ ಗದರಿಸಿದರೆ ಮಾತ್ರ ಒಂದು ಹನಿ ಹಾಕುತ್ತಿದ್ದೆವು.

ಅಂದು ದೀಪಾ ಶೇಂಗಾ ಹಾಲು ತಂದು ಕುಳಿತಿದ್ದಳು. ನಾಗಪ್ಪ ತಪ್ಪು ತಿಳಿಯಲಿಕ್ಕಿಲ್ಲ ಎಂದು ನಾನೂ ಸುಮ್ಮನಿದ್ದೆ. ಅತ್ತೆಯವರು ಎಲ್ಲರ ಪಾಲು ಹೇಳಿ ಮುಗಿಸಿದರು. ಬಟ್ಟಲಲ್ಲಿ ಇನ್ನೂ ಹಾಲಿತ್ತು. ಅದನ್ನು ಎರೆಯಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಎದ್ದರು, "ಇದು ಕರದ ಪಾಲ" ಎಂದು ಬಟ್ಟಲು ಹಿಡಿದುಕೊಂಡು ಹಿತ್ತಲಿಗೆ ನಡೆದರು.

ನಾವೆಲ್ಲ ನಕ್ಕೆವು. ಪಂಚಮಿ ಕಳೆದು ವ್ಯಾಪಾರಿ ಗಾಡಿ ತಂದ ದಿನ ಯಾರೂ ನಗಲಿಲ್ಲ.

ಅಂದು ರವಿವಾರ, ನನಗೆ ಶಾಲೆಯ ನೆವ ಇರಲಿಲ್ಲ. ಗಾಡಿ ಬಾಗಿಲಿಗೆ ಬಂತು. ನಮ್ಮ ಮನೆಯವರು ಕೊಟ್ಟಿಗೆಗೆ ಹೋದರೆ ಅತ್ತೆಯವರು ಕರುವಿನ ಹಗ್ಗವನ್ನು ತಮ್ಮ ಕೈಗೆ ಸುತ್ತಿಕೊಂಡು ಕುಳಿತಿದ್ದಾರೆ.

"ಶಂಕ್ರ್ಯಾ, ಆ ಮನಶ್ಯಾಗ ಹೋಗ ಅಂತ ಹೇಳು."

ನಮ್ಮ ಮನೆಯವರ ಹೆಸರು ನನ್ನ ಬಾಯಲ್ಲಿ ಬರುವ ರೂಢಿ ಇಲ್ಲ. ಅತ್ತೆಯವರು ಕರೆದದ್ದರಿಂದ ನಿಮಗೆ ತಿಳಿಯಿತು, ಒಳ್ಳೆಯದೇ ಆಯಿತು.

"ಯವ್ವಾ, ಕೋಣ ಇಟಗೊಂಡ ಏನ ಮಾಡೂದು? ಮೇವು ಯಾರ ಹಾಕ್ತಾರು? ಹಾಲ ಅದ ಕುಡದ್ರ ನಾವೇನ ಕುಡ್ಯೂದು?"

"ನನ್ನ ಪಾಲಿನ ಹಾಲ ಅದಕ್ಕ ಬಿಡು. ನಾ ಇವತ್ತಿಂದ ಕುಡ್ಯಂಗಿಲ್ಲ. ನಿಂದು ನೀ ಕುಡಿ."

"ಅಲ್ಲ ಯವ್ವಾ, ಇಷ್ಟ ವರ್ಷ ಎಷ್ಟ ಕರ ಹೋದ್ವು, ಆವಾಗ ನೀ ಒಂದ ಮಾತ ಆಡಿಲ್ಲ."

"ಆವಾಗ ನನಗ ಕೂತ ನೋಡಾಕ ಪುರಸೊತ್ತ ಇದ್ದಿಲ್ಲೋ ಯಪ್ಪಾ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ನೋಡೇನಿ. ನೋಡಿದ ಮ್ಯಾಲ ಹೆಂಗ ಕೊಡ್ಲಿ?"

ನಮ್ಮ ಮನೆಯವರು ನನ್ನ ಕಡೆ ನೋಡಿದರು. ನಾನು ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. "ಇರ್ಲಿ ಬಿಡ್ರಿ" ಎಂಬ ಮಾತು ಬಾಯಿಂದ ಬಂತು. ವ್ಯಾಪಾರಿ ಒಳ್ಳೆಯ ಮನುಷ್ಯನೇ, ಚಹಾ ಕುಡಿದು, ಅತ್ತೆಯವರ ಕಣ್ಣಿನ ಬಗ್ಗೆ ವಿಚಾರಿಸಿ, ಬರಿಗಾಡಿ ಹೊಡೆದುಕೊಂಡು ಹೋದ. ಅಂದಿನಿಂದ ಸಣ್ಣ ಪಾತ್ರೆ ಒಲೆಗೇರಿತು.

ಈಗ ಊರಿನ ಕತೆ ಕೇಳಿ. ನಮ್ಮ ಬಾಜು ಮನೆ ಗಂಗವ್ವನದು. ಕರುಳು ಮೆತ್ತಗೆ, ಬಾಯಿ ದೊಡ್ಡದು. ಮುದುಕಿ ಕರೀ ಚಹಾ ಕುಡಿಯುವುದನ್ನು ಅವಳು ಕಂಡಳು. ವಾರದೊಳಗೆ ಬಾವಿಯ ಓಣಿಯಿಂದ ಬಸ್ ನಿಲ್ದಾಣದವರೆಗೆ ಒಂದೇ ಸುದ್ದಿ: ಅಕ್ಕೋರು ಅತ್ತೆಗೆ ಹಾಲು ಹಾಕುವುದಿಲ್ಲವಂತೆ. ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತಾರೆ, ಗೌರವದ ಮಾತು. ಆ ಗೌರವವೇ ಈಗ ಬಾಲದಂತೆ ನನ್ನ ಹಿಂದೆ ಬರುತ್ತಿತ್ತು. ಒಂದು ದಿನ ತರಗತಿಯಲ್ಲಿ "ಹಾಲು" ಎಂಬ ಶಬ್ದ ಬಂದ ಪದ್ಯ ಓದಿಸುವಾಗ ಮುಂದಿನ ಸಾಲಿನ ಹುಡುಗಿ ನನ್ನ ಮುಖವನ್ನೇ ನೋಡಿದಳು. ನಾನು ಬೇಗ ಬೇಗ ಪುಟ ತಿರುವಿದೆ.

ಗಂಗವ್ವ ಅಷ್ಟಕ್ಕೇ ನಿಲ್ಲಿಸಲಿಲ್ಲ. ನಾನು ಶಾಲೆಗೆ ಹೋದ ಮೇಲೆ ಸೆರಗಿನ ಮರೆಯಲ್ಲಿ ತಂಬಿಗೆ ಹಾಲು ತಂದು ಅತ್ತೆಯವರಿಗೆ ಕೊಡತೊಡಗಿದಳು. ಅತ್ತೆಯವರು ಬೇಡವೆನ್ನಲಿಲ್ಲ. ಅವಳು ಆಚೆ ಹೋದೊಡನೆ ಅದನ್ನು ಕರುವಿನ ಬೋಗುಣಿಗೆ ಸುರಿಯುತ್ತಿದ್ದರು. ಕರು ಎರಡು ಮನೆಯ ಹಾಲು ಕುಡಿದು ಮಿರಿಮಿರಿ ಮಿಂಚತೊಡಗಿತು. ಇದು ನನಗೆ ತಿಳಿದದ್ದು ಒಂದು ದಿನ ತಲೆನೋವೆಂದು ಬೇಗ ಮನೆಗೆ ಬಂದಾಗ. ಗಂಗವ್ವ ತಂಬಿಗೆ ಹಿಡಿದು ನಿಂತಿದ್ದಳು, ಅತ್ತೆಯವರು ಬೋಗುಣಿ ಹಿಡಿದು ಕೂತಿದ್ದರು, ನಾನು ಬಾಗಿಲಲ್ಲಿ.

"ಅತ್ತ್ಯಾರ, ನೀವ ಹೇಳ್ರಿ" ಎಂದೆ. "ನಾ ನಿಮಗ ಹಾಲ ಹಾಕೂದಿಲ್ಲೇನು? ಊರ ಮಂದಿ ಏನೇನ ಮಾತಾಡಾಕತ್ತಾರ ಗೊತ್ತೈತೇನ್ರಿ?"

ಅತ್ತೆಯವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮುಖ ಇಳಿದುಹೋಯಿತು. ಅಂದೇ ಸಂಜೆ ಕನ್ನಡಕ ಹಾಕಿಕೊಂಡು, ನನ್ನ ಕೈ ಹಿಡಿದುಕೊಂಡು ಓಣಿಯ ಕಟ್ಟೆಗೆ ಬಂದರು. ಅಲ್ಲಿ ಕೂತ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದರು: "ಕೇಳ್ರಿ ಇಲ್ಲೆ. ನನ್ನ ಸೊಸಿ ಹಾಲ ಹಾಕ್ತಾಳ. ನಾನ ಒಲ್ಲೆ ಅಂದೇನಿ. ಇನ್ನ ಯಾರರೆ ಆಕಿಗೆ ಅಂದ್ರ ನನಗ ಅಂದಂಗ."

ಆಮೇಲೆ ಒಬ್ಬಳು ಇನ್ನೊಬ್ಬಳಿಗೆ, "ನೋಡ ಬೇ, ಎಷ್ಟ ಅಂಜಿಸಿ ಇಟ್ಟಾಳ" ಎಂದದ್ದು ನನ್ನ ಕಿವಿಗೂ ಬಿತ್ತು. ಅತ್ತೆಯವರಿಗೂ ಬಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕವರು ಅವರು. ಮನೆ ಮುಟ್ಟುವವರೆಗೆ ಇಬ್ಬರೂ ನಕ್ಕೆವು. ಮದುವೆಯಾಗಿ ಅಷ್ಟು ವರ್ಷಕ್ಕೆ ನಾವಿಬ್ಬರು ಓಣಿಯಲ್ಲಿ ಕೈ ಹಿಡಿದು ನಡೆದದ್ದು ಅದೇ ಮೊದಲು. ಆಮೇಲೆ ಊರು ಏನು ಬೇಕಾದರೂ ಅಂದುಕೊಳ್ಳಲಿ ಅನ್ನಿಸಿತು. ಗಂಗವ್ವ ತಂಬಿಗೆ ತರುವುದನ್ನು ನಿಲ್ಲಿಸಲಿಲ್ಲ. ಈಗ ಸೆರಗಿನ ಮರೆಯಿಲ್ಲದೆ, ನೇರವಾಗಿ ಕರುವಿಗೇ ತರುತ್ತಿದ್ದಳು.

ದೀಪಾಳಿಗಂತೂ ಹಿಗ್ಗೋ ಹಿಗ್ಗು. "ನನ್ನ ಆಯಿ ವೀಗನ್ ಆಗ್ಯಾಳ" ಎಂದು ಆಸ್ಪತ್ರೆಯಲ್ಲೆಲ್ಲ ಹೇಳಿಕೊಂಡು ಬಂದಳಂತೆ. ಅತ್ತೆಯವರು ಒಪ್ಪಲಿಲ್ಲ.

"ನಾ ನಿನ್ನ ವಿಘ್ನ ಅಲ್ಲ ಕೂಸ. ನಾ ಹಾಲ ಬಿಟ್ಟಿದ್ದು ಅವಗ ಸಾಲಲಿ ಅಂತ. ಹಾಲ ಕೆಟ್ಟದ್ದಂತಲ್ಲ."

"ಎರಡೂ ಒಂದ ಆಯಿ."

"ಒಂದ ಹೆಂಗ? ನೀ ಎಲ್ಲಾ ದನಾನೂ ನೆನಸ್ತಿ. ನಾ ಈ ಒಂದರ ಮಾರಿ ನೋಡೇನಿ ಅಷ್ಟ."

ಇದರಲ್ಲಿ ಯಾರ ಮಾತು ಹೆಚ್ಚಿನದು ಎಂದು ನಾನು ರೊಟ್ಟಿ ಬಡಿಯುತ್ತ ಯೋಚಿಸುತ್ತಿದ್ದೆ. ಒಮ್ಮೆ ಮಗಳ ಮಾತು ಸರಿ ಎನಿಸುವುದು, ಒಮ್ಮೆ ಅತ್ತೆಯವರದು. ರೊಟ್ಟಿ ಮಾತ್ರ ಒಂದು ಕಡೆ ಕರಕಾಗುವುದು. ನಾನು ಮೊಸರು ಬಿಡಲಿಲ್ಲ. ಬಿಡುತ್ತೇನೆಂದು ನಿಮಗೂ ಹೇಳುವುದಿಲ್ಲ. ಆದರೆ ಹಿಂಡುವಾಗ ಒಂದು ಮೊಲೆ ಮುಟ್ಟದೆ ಕರುವಿಗೇ ಬಿಡುವುದು ಅಂದಿನಿಂದ ನಮ್ಮ ಮನೆಯಲ್ಲಿ ನಿಯಮವಾಯಿತು. ಮುಂದೆ ಎಮ್ಮೆ ಹೆಣ್ಣುಗರು ಹಾಕಿದಾಗಲೂ ಅದನ್ನು ಯಾರೂ ಮುರಿಯಲಿಲ್ಲ.

ಗಂಡುಗರು ಹಾಲು ಬಿಟ್ಟು ಮೇವಿಗೆ ಬಂದ ಮೇಲೆ ನಾನು ಅತ್ತೆಯವರ ಚಹಾಕ್ಕೆ ಮತ್ತೆ ಹಾಲು ಹಾಕಿದೆ. ಒಂದು ಗುಟುಕು ಕುಡಿದು ಮುಖ ಹಿಂಡಿದರು. "ಯವ್ವಾ, ಎಮ್ಮಿ ವಾಸನಿ ಬರ್ತೈತಿ" ಎಂದು ಕಪ್ಪು ದೂರ ಸರಿಸಿದರು. ನಾಲಗೆ ಹೊಸ ರೂಢಿಗೆ ಬಿದ್ದಿತ್ತು. ಹೀಗೆ, ಕಾರಣ ಮುಗಿದ ಮೇಲೂ ಸಣ್ಣ ಪಾತ್ರೆ ಉಳಿಯಿತು.

ಕರು ಬೆಳೆಯಿತು. ದುಡಿಯದೆ ತಿನ್ನುವವನೆಂದು ನಮ್ಮ ಮನೆಯವರು ಅದಕ್ಕೆ "ಸಾವ್ಕಾರ" ಎಂದು ಹೆಸರಿಟ್ಟರು, ಸಿಟ್ಟಿನಿಂದಲೇ ಇಟ್ಟರು. ಆದರೆ ಹತ್ತಿಕಾಳು ನೆನೆಹಾಕುವಾಗ ಒಂದು ಬೊಗಸೆ ಹೆಚ್ಚು ಹಾಕುತ್ತಿದ್ದವರೂ ಅವರೇ. ಎರಡು ಮೂರು ವರ್ಷದಲ್ಲಿ ಸಾವ್ಕಾರ ಹೆಸರಿಗೆ ತಕ್ಕಂತೆ ಆದ. ಕೊಟ್ಟಿಗೆಯಲ್ಲಿ ತಿರುಗಿದರೆ ಗೋಡೆಯ ಮಣ್ಣು ಉದುರುತ್ತಿತ್ತು. ಬೇಸಿಗೆಯಲ್ಲಿ ಅವನ ಮೈ ಕಾದು ಕೆಂಡವಾಗುತ್ತಿತ್ತು. ಬಿಂದಿಗೆ ಬಿಂದಿಗೆ ನೀರು ಹಾಕಿದರೂ ಸಾಲದು. ಕೋಣಕ್ಕೆ ಬೇಕಾದದ್ದು ಮುಳುಗುವಷ್ಟು ನೀರು. ಮೊರಬದ ನಮ್ಮ ಹಿತ್ತಲಿನಲ್ಲಿ ಅದನ್ನು ಎಲ್ಲಿಂದ ತರುವುದು? ಅವನು ನಾಲಗೆ ಚಾಚಿ ತೇಕುವುದನ್ನು ನೋಡಿ ಅತ್ತೆಯವರೇ ಒಂದು ದಿನ, "ಇಂವ ಇಲ್ಲೆ ಬಾಳಂಗಿಲ್ಲ ಬೇ" ಎಂದರು.

ಆಗ ನನಗೆ ಮಲ್ಲಣ್ಣ ನೆನಪಾದ. ದೇವಿಕೊಪ್ಪದಲ್ಲಿ ನಮ್ಮ ಗದ್ದೆ ಇರುವುದು ಕೆರೆಯ ಕೆಳಗೆ. ಅಲ್ಲಿಯ ಕೆಸರಿಗೆ ಟ್ರ್ಯಾಕ್ಟರ್ ಇಳಿಸಿದರೆ ಮತ್ತೊಂದು ಟ್ರ್ಯಾಕ್ಟರ್ ತಂದು ಎಳೆಯಬೇಕು. ಅದಕ್ಕೇ ಅವನು ಈಗಲೂ ಒಂದು ಜೋಡಿ ಕೋಣ ಇಟ್ಟಿದ್ದ, ಅದರಲ್ಲಿ ಒಂದು ಸತ್ತು ಇನ್ನೊಂದು ಒಂಟಿಯಾಗಿತ್ತು. ಫೋನು ಮಾಡಿದೆ. ಬರುವ ರವಿವಾರವೇ ಬಂದ.

ದೀಪಾಳೂ ಬಂದಿದ್ದಳು. ವಿಷಯ ಕೇಳಿ ಕೆಂಪಾದಳು. "ಆಯಿ, ಇಷ್ಟ ದಿನ ಉಳಿಸಿ ಈಗ ನೊಗಕ್ಕ ಹೂಡಾಕ ಕಳಸ್ತೀಯೇನು? ಮೂಗ ಚುಚ್ಚಿ ದಾರ ಹಾಕ್ತಾರ. ಅದೂ ದುಡಸೂದ ಅಲ್ಲೇನು?"

ಅತ್ತೆಯವರು ತಮ್ಮ ಮೂಗುಬೊಟ್ಟು ಮುಟ್ಟಿಕೊಂಡರು. "ಮೂಗ ನನಗೂ ಚುಚ್ಚ್ಯಾರ. ನಾನೂ ದುಡದೇನಿ."

"ನಿನ್ನ ಕೇಳಿ ಚುಚ್ಚಿದ್ರೇನ ಆಯಿ?"

ನಾನು ಚಹಾ ಸೋಸುತ್ತಿದ್ದವಳು ಕೈ ನಿಲ್ಲಿಸಿದೆ. ಯಾರೂ ಈ ಮಾತು ಅತ್ತೆಯವರನ್ನು ಕೇಳಿರಲಿಲ್ಲ.

"ಇಲ್ಲ ಬೇ. ಯಾರ ಕೇಳ್ತಾರ? ಮೂಗಿಗೂ ಕೇಳಿಲ್ಲ, ಮದುವಿಗೂ ಕೇಳಿಲ್ಲ." ಹಿತ್ತಲ ಕಡೆ ಕೈ ತೋರಿಸಿ ಅಂದರು, "ಈ ಮೂಕ ಪ್ರಾಣಿ ಬಾಯಿ ಬಿಟ್ಟ ಹೇಳಂಗಿಲ್ಲ. ಅದಕ್ಕ ಅವನ ಪರವಾಗಿ ನಾ ಕೇಳ್ತೇನಿ. ಕರಿ ನಿಮ್ಮ ಮಾಮಾಗ."

ದೀಪಾ ಹೋಗಿ ಆಯಿಯ ಪಕ್ಕದಲ್ಲಿ ಒತ್ತಿಕೊಂಡು ಕುಳಿತಳು.

ಪಾಪ ಮಲ್ಲಣ್ಣ! ಕೋಣ ನೋಡಲು ಬಂದವನನ್ನು ಪಡಸಾಲೆಯಲ್ಲಿ ಚಾಪೆ ಹಾಕಿ ಕೂರಿಸಿ, ಹೆಣ್ಣು ಕೊಡುವವರಂತೆ ವಿಚಾರಣೆ ನಡೆಯಿತು.

"ನೀರ ಹೆಂಗೈತ್ರಿ ನಿಮ್ಮ ಕಡೆ?"

"ಕೆರಿ ಬಾಜೂಕ ಐತ್ರಿ ಅತ್ತ್ಯಾರ. ಕೆಲಸ ಮುಗದ ಕೂಡ್ಲೆ ಇಳಿಸಿಬಿಡ್ತೇವ್ರಿ."

"ವರ್ಷಕ್ಕ ಎಷ್ಟ ಕೆಲಸ?"

"ನಾಟಿ ಮುಂದ ಒಂದಿಷ್ಟ ದಿನ ರೀ. ಉಳದದ್ದು ಮೇಯೂದ."

"ಬಡೀತೀರೇನು?"

ಮಲ್ಲಣ್ಣ ನನ್ನ ಮುಖ ನೋಡಿದ. ಸುಳ್ಳು ಹೇಳು ಎಂದು ನಾನು ಕಣ್ಣಲ್ಲೇ ಹೇಳಿದೆ. ಅವನು ಹೇಳಲಿಲ್ಲ. "ಒಮ್ಮೊಮ್ಮೆ ಒಂದ ಏಟ ಹಾಕಬೇಕಾಗ್ತೈತ್ರಿ. ಕೋಣ ಕೆಸರಿನ್ಯಾಗ ಮಲಗಿದ್ರ ಏಳಂಗಿಲ್ರಿ."

ಅತ್ತೆಯವರು ತಲೆಯಾಡಿಸಿದರು. ಕೊನೆಯದನ್ನು ಕೇಳುವ ಮೊದಲು ಸೆರಗು ಸರಿ ಮಾಡಿಕೊಂಡರು. "ಮುದುಕ ಆದ ಮ್ಯಾಲ?"

"ಏನ್ರಿ?"

"ಕೈಲಾಗದಂಗ ಆದ ಮ್ಯಾಲ ಏನ ಮಾಡ್ತೀರಿ? ಹಿಂದಿನದು ಸತ್ತಿತ್ತಂತಲ್ಲ, ಅದನ್ನ ಏನ ಮಾಡಿದ್ರಿ?"

"ಅದಾ?" ಮಲ್ಲಣ್ಣನಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಎರಡ ವರ್ಷ ಕೆಲಸಕ್ಕ ಹಚ್ಚಿದ್ದಿಲ್ರಿ, ಕಾಲ ಬಿದ್ದಿದ್ವು. ಗದ್ದಿ ಬದುವಿನ ಮ್ಯಾಲ ಒಂದ ಮಾವಿನ ಗಿಡ ಐತ್ರಿ, ಅದರ ಕೆಳಗ ಮಣ್ಣ ಮಾಡೇವಿ. ನಮ್ಮ ಅಪ್ಪ ಇದ್ದಾಗಿಂದ ಹಂಗ ರೀ."

ಇದು ನನಗೂ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಯಾವತ್ತೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಆ ಮರದ ಮಾವಿನಕಾಯಿಯನ್ನು ಉಪ್ಪು ಖಾರ ಹಚ್ಚಿ ಎಷ್ಟು ಸಲ ತಿಂದಿದ್ದೇನೋ!

ಅತ್ತೆಯವರು ದೀಪಾಳ ಕಡೆ ತಿರುಗಿದರು. "ನೀ ಏನಂತಿ?"

"ನನಗ ಪೂರ್ತಿ ಸರಿ ಅನಸಂಗಿಲ್ಲ ಆಯಿ," ಎಂದಳು. "ಆದ್ರ ಇಲ್ಲೆ ಈ ಬಿಸಲಾಗ ಕಟ್ಟಿ ಹಾಕೂದೂ ಸರಿ ಅಲ್ಲ. ಹೋಗ್ಲಿ."

ಸಾವ್ಕಾರನನ್ನು ಟೆಂಪೋಗೆ ಹತ್ತಿಸುವುದು ಸುಲಭವಾಗಲಿಲ್ಲ. ಗಂಗವ್ವ ಅವನ ಹಣೆಗೆ ಅರಿಷಿಣ ಕುಂಕುಮ ಹಚ್ಚಿ, ಬಾಯಿಗೆ ಬೆಲ್ಲ ತುರುಕಿ, ತಾನೇ ಅತ್ತಳು. ಅವನೊಡನೆ ನಾವೂ ಹೊರಟೆವು, ಅತ್ತೆಯವರು ಮುಂದೆ ಡ್ರೈವರನ ಪಕ್ಕದಲ್ಲಿ, ಮಲ್ಲಣ್ಣ ಹಿಂದೆ ಸಾವ್ಕಾರನ ಹಗ್ಗ ಹಿಡಿದು. ನಾನು, ದೀಪಾ ಮತ್ತು ನಮ್ಮ ಮನೆಯವರು ಬಸ್ಸಿನಲ್ಲಿ. ಹುಬ್ಬಳ್ಳಿ ದಾಟಿ ಕಲಘಟಗಿಯ ದಾರಿ ಹಿಡಿದ ಮೇಲೆ ಹಸಿರು ಶುರುವಾಗುತ್ತದೆ. ಅಲ್ಲಿಂದ ಮುಂದೆ ನಮ್ಮ ಮನೆಯವರು ಕಿಟಕಿಯಾಚೆ ನೋಡುತ್ತ ಕುಳಿತರು. ಮೇವು ಯಾರು ಹಾಕಬೇಕೆಂದು ಕೇಳಿದ್ದವರು ಅವರೇ ಎಂದು ನಾನು ನೆನಪಿಸಲಿಲ್ಲ.

ನಾವು ದೇವಿಕೊಪ್ಪ ಮುಟ್ಟುವ ಹೊತ್ತಿಗೆ ಟೆಂಪೋ ಕೆರೆಯ ದಂಡೆಯಲ್ಲಿ ನಿಂತಿತ್ತು. ಮಲ್ಲಣ್ಣ ಸಾವ್ಕಾರನನ್ನು ಇಳಿಸಿ, ಹಗ್ಗ ಹಿಡಿದು ದಂಡೆಯ ಮೇಲೆ ನಡೆಸುತ್ತಿದ್ದ. ಸಾವ್ಕಾರ ಹುಟ್ಟಿದಾಗಿನಿಂದ ಬಿಂದಿಗೆಗಿಂತ ದೊಡ್ಡ ನೀರು ಕಂಡವನಲ್ಲ. ಕೆರೆಯನ್ನು ನೋಡಿ ನಿಂತ. ಮೂಗು ಮೇಲೆತ್ತಿ ಗಾಳಿ ಹಿಡಿದ. ಒಂದು ಹೆಜ್ಜೆ ಇಟ್ಟ, ಕಾಲು ಹಿಂದಕ್ಕೆ ತೆಗೆದ. ಆಮೇಲೆ ಏನು ತಿಳಿಯಿತೋ, ಹಗ್ಗದೊಡನೆ ಮಲ್ಲಣ್ಣನನ್ನೂ ಎಳೆದುಕೊಂಡು ನುಗ್ಗಿದ. ಮಲ್ಲಣ್ಣ ಮೊಣಕಾಲುದ್ದ ನೀರಿನಲ್ಲಿ ಹಗ್ಗ ಬಿಟ್ಟು ಬೈಯುತ್ತ ಮೇಲೆ ಬಂದ. ಸಾವ್ಕಾರ ನಡುಗೆರೆಯ ಕಡೆಗೆ ಹೋಗಿ ಮುಳುಗಿದ. ಸ್ವಲ್ಪ ಹೊತ್ತಿಗೆ ಕೋಡುಗಳು, ಕಣ್ಣು, ಮೂಗಿನ ಹೊಳ್ಳೆಗಳು ಮಾತ್ರ ನೀರಿನ ಮೇಲೆ ಕಂಡವು. ಅವನು ಬಿಟ್ಟ ಉಸಿರು ದಂಡೆಯವರೆಗೆ ಕೇಳಿಸಿತು. ಅತ್ತ ಕಡೆಯಿಂದ ಮಲ್ಲಣ್ಣನ ಒಂಟಿ ಕೋಣ ಮೆಲ್ಲಗೆ ಅವನ ಹತ್ತಿರ ಸರಿದು ಬಂತು.

ಅತ್ತೆಯವರು ದಂಡೆಯ ಕಲ್ಲಿನ ಮೇಲೆ ಕುಳಿತು ಬಾಯಿ ತುಂಬ ನಗುತ್ತಿದ್ದರು. ನಾವೂ ಕುಳಿತೆವು. ಮಲ್ಲಣ್ಣನ ಹೆಂಡತಿ, ನಮ್ಮ ಅತ್ತಿಗೆ, ಊಟಕ್ಕೆ ಕರೆದು ಹೋದರು, ಮತ್ತೊಮ್ಮೆ ಬಂದು ಕರೆದರು. ಹೊತ್ತು ಇಳಿಯುತ್ತಿತ್ತು. ಮಲ್ಲಣ್ಣ ದಂಡೆಯಿಂದ ಎಷ್ಟು ಕೂಗಿದರೂ ಸಾವ್ಕಾರ ಕಿವಿಯೊಂದನ್ನು ಅಲ್ಲಾಡಿಸಿದನೇ ಹೊರತು ಮೈ ಅಲ್ಲಾಡಿಸಲಿಲ್ಲ.

"ಮನ್ಯಾಗ ಕೆಲಸ ಬಾಳ ಐತ್ರಿ ಅತ್ತ್ಯಾರ," ಮಲ್ಲಣ್ಣ ತಲೆ ಕೆರೆದುಕೊಂಡ. "ಇಂವ ಹೊರಗ ಬರೂ ಲಕ್ಷಣಾನ ಇಲ್ಲಲ್ರಿ."

"ಇರ್ಲಿ ಬಿಡ್ರಿ" ಎಂದರು ಅತ್ತೆಯವರು, ಕಲ್ಲಿನ ಮೇಲೆ ಇನ್ನೂ ಸ್ವಲ್ಪ ಆರಾಮಾಗಿ ಕೂರುತ್ತ. "ಅವಗೇನ ಬಸ್ ಹಿಡ್ಯೂದೈತೇನು?"